ಬೆಕ್ಕಿನ ಟ್ರೇ ಎತ್ತೋರು ಯಾರು? ಲಿಟರ್ ಮಣ್ಣಿನ ಚರಿತ್ರೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೊದಲ್ಲಿ ಅವಸರಕ್ಕೆ ಹಾರಿಸಿದ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ, ಒಂದೆರಡು ಕೆಟ್ಟ ಜೋಕುಗಳನ್ನು ತೆಗೆದಿದ್ದೇನೆ.

ಈ ಸಲ ರಾಜರಿಲ್ಲ, ಯುದ್ಧವಿಲ್ಲ. ವಿಷಯ ಬೆಕ್ಕಿನ ಟ್ರೇ. ನಗಬೇಡಿ. ಪುಣೆಯ ಬಾಣೇರ್‌ನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಮನೆ. ಅದರಲ್ಲಿ ನಾವಿಬ್ಬರು, ಮೂರು ಬೆಕ್ಕುಗಳು: ಕಾಳಿ, ಬೋಂಡಾ, ಸುಬ್ಬಿ. ನಮ್ಮ ಹಾಗೆ ಕೆಲಸಕ್ಕೆ ಅಂತ ಊರು ಬಿಟ್ಟು ಬಂದವರ ಫ್ಲ್ಯಾಟುಗಳಲ್ಲಿ ಈಗ ಬೆಕ್ಕು ಜಾಸ್ತಿ. ನಾಯಿಯ ಹಾಗೆ ವಾಕಿಂಗ್ ಬೇಕಿಲ್ಲ, ಒಂಬತ್ತು ಗಂಟೆ ಆಫೀಸಲ್ಲಿ ಕೂತರೂ ಬೇಜಾರು ಮಾಡಿಕೊಳ್ಳಲ್ಲ, ಅಥವಾ ಮಾಡಿಕೊಂಡರೂ ತೋರಿಸಲ್ಲ. ಒಂದು ಬೆಕ್ಕು ತಂದವರು ಅದಕ್ಕೆ ಜೊತೆಗಿರಲಿ ಅಂತ ಇನ್ನೊಂದು ತರುತ್ತಾರೆ. ಮೂರನೆಯದು ಪಾರ್ಕಿಂಗ್‌ನಿಂದ ತಾನೇ ಬರುತ್ತೆ. ಆಮೇಲೆ ಮನೆಯ ಎಲ್ಲ ಮಾತುಕತೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೆ: ಇವತ್ತು ಟ್ರೇ ಯಾರು ತೆಗೀತಾರೆ?

ಈ ಪ್ರಶ್ನೆಗೆ ನಾವು ಅಂದುಕೊಂಡದ್ದಕ್ಕಿಂತ ಹಳೆಯ ಚರಿತ್ರೆ ಇದೆ. ಹೊಲಸನ್ನು ಒಣಮಣ್ಣಿನಿಂದ ಮುಚ್ಚುವ ಉಪಾಯ ಕಂಡುಹಿಡಿದವರ ಹೆಸರು ಪುಸ್ತಕಗಳಲ್ಲಿದೆ. ಆ ಮಣ್ಣನ್ನು ಎತ್ತಿದವರದ್ದು ಬಹುಪಾಲು ಇಲ್ಲ. ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಈ ಕಥೆ ಹೇಳಬೇಕು ಅನ್ನಿಸಿತು.

ಮೊದಲು ಬೆಕ್ಕಿನ ಕಡೆಯಿಂದ ನೋಡೋಣ. 2007ರಲ್ಲಿ ಪ್ರಕಟವಾದ ಒಂದು ಜೀನ್ ಅಧ್ಯಯನ, ಇವತ್ತಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ ಎಂದು ತೋರಿಸಿತು. ಅದಕ್ಕೂ ಮೂರು ವರ್ಷ ಮೊದಲು ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ್ದು ವರದಿಯಾಗಿತ್ತು. ಧಾನ್ಯ ಕೂಡಿಟ್ಟ ಕಡೆ ಇಲಿ, ಇಲಿ ಇದ್ದ ಕಡೆ ಬೆಕ್ಕು. ಅಷ್ಟೇ ಒಪ್ಪಂದ. ಆದರೆ ಅದರ ಪೂರ್ವಜರು ಬದುಕಿದ್ದು ನೀರು ಕಡಿಮೆ ಇರುವ ಒಣನೆಲದಲ್ಲಿ. ಅದಕ್ಕೇ ಬೆಕ್ಕಿನ ಮೂತ್ರಪಿಂಡ ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಮೂತ್ರ ಅಷ್ಟು ದಟ್ಟವಾಗಿರುತ್ತೆ. ಸಡಿಲ ಮಣ್ಣನ್ನು ಕೆರೆದು ಮುಚ್ಚುವ ಅಭ್ಯಾಸವೂ ಅಲ್ಲಿಂದಲೇ ಬಂದದ್ದು. ಬೆಕ್ಕಿಗೆ ನಾವು ಟ್ರೇ ಉಪಯೋಗಿಸಲು ಕಲಿಸಿದ್ವಿ ಅಂತ ಹೇಳೋದು ನಮ್ಮ ಜಂಭ. ನಾವು ಮಾಡಿದ್ದು ಇಷ್ಟೇ, ಮರಳುಗಾಡಿನ ಒಂದೂವರೆ ಅಡಿ ತುಂಡನ್ನು ಬಾಲ್ಕನಿಗೆ ತಂದಿಟ್ಟಿದ್ದು.

ನಮ್ಮ ಅಜ್ಜಿ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಿತ್ತಲಿತ್ತು, ತಿಪ್ಪೆ ಇತ್ತು, ಒಲೆಯ ಬೂದಿ ಸುರಿಯುವ ಜಾಗ ಇತ್ತು. ಬೆಕ್ಕು ಒಳಗೆ ಬರುತ್ತಿದ್ದದ್ದು ಹಾಲಿಗೆ, ಇಲಿಗೆ, ಚಳಿಗೆ. ಉಳಿದ ವ್ಯವಹಾರ ಹೊರಗೆ. ಬೆಕ್ಕು ಪೂರ್ತಿ ಒಳಗಿನ ಪ್ರಾಣಿ ಆಗಬೇಕಾದರೆ ಯಾರೋ ಮಣ್ಣಿನ ಪ್ರಶ್ನೆಯನ್ನು ಬಗೆಹರಿಸಬೇಕಿತ್ತು.

ಈ ಮಣ್ಣು ಮತ್ತು ಮೂತ್ರ ಮೊದಲ ಸಲ ವ್ಯಾಪಾರದಲ್ಲಿ ಒಟ್ಟಿಗೆ ಬಂದದ್ದು ಬೆಕ್ಕಿನ ಕಾರಣಕ್ಕಲ್ಲ, ಬಟ್ಟೆಯ ಕಾರಣಕ್ಕೆ. ಪ್ರಾಚೀನ ರೋಮ್‌ನಲ್ಲಿ ಉಣ್ಣೆ ಬಟ್ಟೆ ತುಳಿದು ಹದ ಮಾಡುವ ಕಸುಬಿನವರಿದ್ದರು. ಅವರ ಅಂಗಡಿಗಳ ಅವಶೇಷ ಇವತ್ತಿಗೂ ಪೊಂಪೆಯಲ್ಲಿ ಇದೆ. ಉಣ್ಣೆಯ ಜಿಡ್ಡು ತೆಗೆಯಲು ಅವರಿಗೆ ಎರಡು ವಸ್ತು ಬೇಕಿತ್ತು: ಹಳಸಿದ ಮೂತ್ರ, ಅಂದರೆ ಅದರಲ್ಲಿನ ಅಮೋನಿಯಾ, ಮತ್ತೆ ಜಿಡ್ಡು ಹೀರುವ ಒಂದು ನುಣುಪು ಜೇಡಿಮಣ್ಣು. ಚಕ್ರವರ್ತಿ ವೆಸ್ಪಾಸಿಯನ್ ಆ ಮೂತ್ರದ ಮೇಲೆ ತೆರಿಗೆ ಹಾಕಿದ, ಮಗ ಆಕ್ಷೇಪಿಸಿದಾಗ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತಾ ಅಂತ ಕೇಳಿದ ಎನ್ನುವ ಕಥೆ ಕೇಳಿರಬಹುದು. ಮೂತ್ರದ ತೊಟ್ಟಿಯಲ್ಲಿ ಬರಿಗಾಲಲ್ಲಿ ನಿಂತು ತುಳಿಯುತ್ತಿದ್ದವರಲ್ಲಿ ಗುಲಾಮರೂ ಇದ್ದರು. ಅವರ ಮೂಗಿನ ಬಗ್ಗೆ ಕಥೆ ಇಲ್ಲ.

ಆ ಜೇಡಿಮಣ್ಣಿನ ಜಾತಿಯದ್ದನ್ನೇ ಇಂಗ್ಲಿಷಿನಲ್ಲಿ ಫುಲ್ಲರ್ಸ್ ಅರ್ತ್ ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಇರಬಹುದು, ಬಾತ್‌ರೂಮಿನ ಕಪಾಟಿನಲ್ಲಿ. ನಾವು ಅದಕ್ಕೆ ಮುಲ್ತಾನಿ ಮಿಟ್ಟಿ ಅಂತೀವಿ. ಮುಖದ ಎಣ್ಣೆ ಹೀರೋದೂ ಉಣ್ಣೆಯ ಜಿಡ್ಡು ಹೀರೋದೂ ಒಂದೇ ಗುಣ. ನಮ್ಮ ಕಡೆ ಅಗಸರು ಬಳಸುತ್ತಿದ್ದ ಚೌಳು ಮಣ್ಣು ಬೇರೆ, ಅದು ಕೆಲಸ ಮಾಡೋದು ಕ್ಷಾರದಿಂದ. ಇದು ಕೆಲಸ ಮಾಡೋದು ಹೀರುವಿಕೆಯಿಂದ.

ಈಗ ಒಂದು ದೊಡ್ಡ ಜಿಗಿತ, 19ನೇ ಶತಮಾನದ ಇಂಗ್ಲೆಂಡಿಗೆ. ಅಲ್ಲಿ ಫೋರ್ಡಿಂಗ್ಟನ್ ಎಂಬ ಊರಲ್ಲಿ ಹೆನ್ರಿ ಮೌಲ್ ಅಂತ ಒಬ್ಬ ಪಾದ್ರಿ. 1849ರಲ್ಲಿ, ಮತ್ತೆ 1854ರಲ್ಲಿ ಅವನ ಊರಿಗೆ ಕಾಲರಾ ಬಂತು. ಮಲಗುಂಡಿಗಳನ್ನು ನೋಡಿ ರೋಸಿಹೋದ ಮೌಲ್, ಮಲದ ಮೇಲೆ ಒಣಮಣ್ಣು ಹಾಕಿದರೆ ವಾಸನೆ ಹೋಗುತ್ತೆ, ಕೆಲವು ವಾರಗಳಲ್ಲಿ ಅದೆಲ್ಲ ಮಣ್ಣೇ ಆಗಿಬಿಡುತ್ತೆ ಅಂತ ಗಮನಿಸಿದ. 1860ರಲ್ಲಿ ಒಣಮಣ್ಣಿನ ಕಕ್ಕಸಿಗೆ ಪೇಟೆಂಟ್ ತಗೊಂಡ. ಹಿಡಿಕೆ ಎಳೆದರೆ ಮೇಲಿನ ಡಬ್ಬದಿಂದ ಮಣ್ಣು ಸುರಿಯುತ್ತಿತ್ತು. ಒಂದರ್ಥದಲ್ಲಿ ಅದು ಮನುಷ್ಯರ ಲಿಟರ್ ಬಾಕ್ಸ್.

ಆ ವ್ಯವಸ್ಥೆ ಬ್ರಿಟಿಷ್ ಭಾರತಕ್ಕೂ ಬಂತು, ಜೈಲುಗಳಿಗೆ, ಸೈನ್ಯದ ಬ್ಯಾರಕುಗಳಿಗೆ. ನೀರಿನ ಕೊಳವೆ ಇಲ್ಲದ ಊರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಇಲ್ಲಿ ಮಣ್ಣು ತುಂಬಿಸೋದು, ಬಕೆಟ್ ಖಾಲಿ ಮಾಡೋದು, ಹೊತ್ತು ಊರ ಹೊರಗೆ ಒಯ್ಯೋದು, ಇಷ್ಟೂ ಒಂದು ಜಾತಿಯ ಜನರ ಪಾಲಿಗೆ ಬಂತು. ಅವರ ಪಾಲಿಗೆ ಆ ಕೆಲಸ ಮೊದಲೇ ಬಂದಿತ್ತು, ಹೊಸ ಯಂತ್ರ ಅದನ್ನು ಇನ್ನಷ್ಟು ವ್ಯವಸ್ಥಿತ ಮಾಡಿತು ಅಷ್ಟೇ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು 1970ರ ದಶಕದ ತನಕ, ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿ ಆಗುವ ತನಕ ಕಾಯಬೇಕಾಯಿತು. ದೇಶದ ಕಾನೂನು ಬಂದದ್ದು 1993ರಲ್ಲಿ, ಅದು ಸಾಲದೆ ಇನ್ನೊಂದು 2013ರಲ್ಲಿ. ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಆ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಾನು ಆಗ ಕಾಲೇಜಿನಲ್ಲಿದ್ದೆ, ಪೇಪರಿನಲ್ಲಿ ಆ ಫೋಟೊ ನೋಡಿದ್ದೆ. ಬೆಕ್ಕಿನ ಕಥೆಯಲ್ಲಿ ಇದೆಲ್ಲ ಯಾಕೆ ಅಂತ ಕೇಳಬಹುದು. ಸ್ವಲ್ಪ ತಾಳಿ, ಕೊನೆಗೆ ಮತ್ತೆ ಇಲ್ಲಿಗೇ ಬರಬೇಕಾಗುತ್ತೆ.

ಬೆಕ್ಕಿನ ಲಿಟರ್ ಅಂತ ಅಂಗಡಿಯಲ್ಲಿ ಮಾರುವ ವಸ್ತು ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ, 1947ರ ಜನವರಿ ಚಳಿಯಲ್ಲಿ. ಎಡ್ವರ್ಡ್ ಲೋ ಎಂಬ ಯುವಕ ನೌಕಾದಳದಿಂದ ಬಂದು ಅಪ್ಪನ ವ್ಯಾಪಾರ ಸೇರಿದ್ದ. ಕಾರ್ಖಾನೆಗಳಲ್ಲಿ ನೆಲಕ್ಕೆ ಚೆಲ್ಲಿದ ಎಣ್ಣೆ ಹೀರಲು ಮರದ ಹೊಟ್ಟು, ಜೇಡಿಮಣ್ಣಿನ ಹರಳು ಮಾರೋದು ಅವರ ಕೆಲಸ. ಆ ಮಣ್ಣನ್ನು ಕೋಳಿ ಸಾಕುವವರಿಗೆ ಗೂಡಿನ ಹಾಸಾಗಿ ಮಾರಲು ನೋಡಿದ್ದ, ಯಾರೂ ತಗೊಳ್ಳಲಿಲ್ಲ. ಒಂದು ದಿನ ಪಕ್ಕದ ಮನೆಯ ಹೆಂಗಸು ಬಂದು ಸ್ವಲ್ಪ ಮರಳು ಕೇಳಿದರು. ಅವರ ಮರಳಿನ ರಾಶಿ ಹೆಪ್ಪುಗಟ್ಟಿತ್ತು. ಬೆಕ್ಕಿಗೆ ಬೂದಿ ಹಾಕಿ ನೋಡಿದ್ದರು, ಮನೆ ತುಂಬ ಕಪ್ಪು ಹೆಜ್ಜೆ. ಲೋ ಮರಳಿನ ಬದಲು ಒಂದು ಚೀಲ ಜೇಡಿ ಹರಳು ಕೊಟ್ಟ. ಕೆಲವು ದಿನಕ್ಕೆ ಅವರು ಮತ್ತೆ ಬಂದು ಅದನ್ನೇ ಕೇಳಿದರು.

ಅವನು ಹತ್ತು ಕಾಗದದ ಚೀಲಗಳಲ್ಲಿ ಐದೈದು ಪೌಂಡ್ ತುಂಬಿ, ಮೇಲೆ ಕೈಯಲ್ಲಿ ಕಿಟ್ಟಿ ಲಿಟರ್ ಅಂತ ಬರೆದು ಅಂಗಡಿಗೆ ಒಯ್ದ. ಬೆಲೆ 65 ಸೆಂಟ್. ಮರಳು ಪುಕ್ಕಟೆಯಂತೆ ಸಿಗುವಾಗ ಇದಕ್ಕೆ ದುಡ್ಡು ಯಾರು ಕೊಡ್ತಾರೆ ಅಂತ ಅಂಗಡಿಯವನಿಗೆ ಅನುಮಾನ. ಹಾಗಾದ್ರೆ ಪುಕ್ಕಟೆ ಹಂಚಿ ಅಂದ ಲೋ. ಹಂಚಿದರು. ಮುಂದಿನ ಸಲ ಜನ ದುಡ್ಡು ಕೊಟ್ಟು ಕೇಳಿದರು. ನಮ್ಮ ಸ್ಟಾರ್ಟಪ್ ಮಂದಿ ಫ್ರೀ ಟ್ರಯಲ್ ಅನ್ನೋದನ್ನ ತಾವೇ ಕಂಡುಹಿಡಿದ ಹಾಗೆ ಮಾತಾಡುತ್ತಾರೆ! ಆಮೇಲೆ ಲೋ ಬೆಕ್ಕಿನ ಪ್ರದರ್ಶನಗಳಿಗೆ ಕಾರಿನಲ್ಲಿ ಮಣ್ಣು ತುಂಬಿಕೊಂಡು ಹೋಗಿ, ಅಲ್ಲಿನ ಪಂಜರಗಳನ್ನು ತಾನೇ ಚೊಕ್ಕಟ ಮಾಡಿಕೊಟ್ಟು, ಅದರ ಬದಲಿಗೆ ಒಂದು ಸ್ಟಾಲ್ ಜಾಗ ಗಿಟ್ಟಿಸುತ್ತಿದ್ದ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದು. ಮಣ್ಣು ಮಾರಿದವನು ಮಣ್ಣು ಎತ್ತಿದ್ದ ಕೂಡ. 1990ರಲ್ಲಿ ಕಂಪನಿ ಮಾರಿದ, 1995ರಲ್ಲಿ ತೀರಿಕೊಂಡ.

ಲೋನ ಮಣ್ಣಿಗೆ ಒಂದು ಮಿತಿ ಇತ್ತು. ಅದು ಹೀರುತ್ತಿತ್ತು, ಆದರೆ ಗಂಟು ಕಟ್ಟುತ್ತಿರಲಿಲ್ಲ. ಹೀರುವಷ್ಟು ಹೀರಿ, ಉಳಿದ ಮೂತ್ರ ತಳಕ್ಕೆ ಇಳಿದು ಅಲ್ಲೇ ಕೊಳೆಯುತ್ತಿತ್ತು. ವಾರಕ್ಕೊಮ್ಮೆ ಇಡೀ ಟ್ರೇ ಸುರಿಯಬೇಕು. ಒಂದು ಬೆಕ್ಕಿಗೆ ನಡೆದೀತು. ಮೂರು ಬೆಕ್ಕಿನ ಮನೆಯಲ್ಲಿ ಬುಧವಾರಕ್ಕೇ ಕಣ್ಣುರಿ ಶುರು.

ಇದಕ್ಕೆ ಉತ್ತರ 1980ರ ದಶಕದಲ್ಲಿ ಬಂತು. ಥಾಮಸ್ ನೆಲ್ಸನ್ ಎಂಬ ಜೀವರಸಾಯನ ತಜ್ಞ ಬೆಂಟೊನೈಟ್ ಎಂಬ ಇನ್ನೊಂದು ಜೇಡಿಮಣ್ಣು ಒದ್ದೆಯಾದ ಕಡೆ ಮಾತ್ರ ಉಬ್ಬಿ ಉಂಡೆ ಕಟ್ಟೋದನ್ನು ಲಿಟರಿಗೆ ಬಳಸಿದ. ಬೆಂಟೊನೈಟ್ ಹೆಸರು ಬಂದದ್ದು ಅಮೆರಿಕದ ವಯೋಮಿಂಗ್‌ನ ಬೆಂಟನ್ ಶೇಲ್ ಎಂಬ ಶಿಲಾಪದರದಿಂದ, 1898ರಲ್ಲಿ. ಜ್ವಾಲಾಮುಖಿಯ ಬೂದಿ, ಲಾವಾ ಕೋಟ್ಯಂತರ ವರ್ಷ ನೀರಿನಲ್ಲಿ ಕರಗಿ ಬದಲಾಗಿ ಈ ಮಣ್ಣಾಗುತ್ತೆ. ಇದರ ಕಣಗಳು ಕಾಗದದ ಹಾಳೆಗಳಂತೆ ಒಂದರ ಮೇಲೊಂದು. ನಡುವೆ ಸೋಡಿಯಂ ಇದ್ದರೆ ನೀರು ನುಗ್ಗಿ ಹಾಳೆಗಳು ದೂರ ಸರಿಯುತ್ತವೆ, ಮಣ್ಣು ಹಲವು ಪಟ್ಟು ಉಬ್ಬುತ್ತೆ. ಕ್ಯಾಲ್ಸಿಯಂ ಇದ್ದರೆ ಅಷ್ಟು ಉಬ್ಬಲ್ಲ. ಅಂಗಡಿಯಲ್ಲಿ ಕಡಿಮೆ ಬೆಲೆಯ ಲಿಟರ್ ತಂದಾಗ ಉಂಡೆ ಕೈಗೆ ಬರದೆ ಪುಡಿಪುಡಿಯಾಗುತ್ತಲ್ಲ, ಅನೇಕ ಸಲ ವ್ಯತ್ಯಾಸ ಇಷ್ಟೇ.

ನಮ್ಮಲ್ಲಿ ಬೆಂಟೊನೈಟ್ ಸಿಗೋದು ಮುಖ್ಯವಾಗಿ ಗುಜರಾತಿನ ಕಚ್ಛ್, ರಾಜಸ್ಥಾನದ ಬಾಡ್‌ಮೇರ್ ಕಡೆ. ಕಚ್ಛದ ಮಣ್ಣು ಡೆಕ್ಕನ್ ಟ್ರ್ಯಾಪ್ ಲಾವಾದಿಂದ ಆದದ್ದು. ಸುಮಾರು 6.6 ಕೋಟಿ ವರ್ಷ ಹಿಂದಿನ ಅದೇ ಲಾವಾ ಹಾಸಿನ ಮೇಲೆ ಪುಣೆ ಕೂತಿದೆ, ವಿಜಯಪುರ ಕೂತಿದೆ. ಗೋಳಗುಮ್ಮಟದ ಕಪ್ಪುಕಲ್ಲಿಗೂ ಬೋಂಡಾ ಕೆರೆಯುವ ಮಣ್ಣಿಗೂ ದೂರದ ದಾಯಾದಿ ಸಂಬಂಧ.

ಗಂಟು ಕಟ್ಟುವ ಮಣ್ಣು ಬಂದಮೇಲೆ ಕೆಲಸದ ಸ್ವರೂಪ ಬದಲಾಯಿತು. ವಾರಕ್ಕೊಮ್ಮೆಯ ದೊಡ್ಡ ಹೊರೆ ಹೋಗಿ ದಿನಾ ಎರಡು ನಿಮಿಷದ ಸಣ್ಣ ಕೆಲಸ ಬಂತು. ಅದು ಬೆಕ್ಕಿಗೂ ಒಳ್ಳೆಯದು, ಮನುಷ್ಯರಿಗೂ ಒಳ್ಳೆಯದು. ಎಷ್ಟು ಒಳ್ಳೆಯದು ಅಂತ ನಮ್ಮ ಮನೆಗೆ ಗೊತ್ತಾಗಿದ್ದು ಈ ವರ್ಷ.

ನನ್ನ ಹೆಂಡತಿಗೆ ಈಗ ಐದು ತಿಂಗಳು. ಸುದ್ದಿ ತಿಳಿದ ದಿನವೇ ಹುಬ್ಬಳ್ಳಿಯಿಂದ ಅತ್ತೆಯ ಫೋನು: "ಮೊದಲ ಆ ಬೆಕ್ಕು ಹೊರಗ ಹಾಕ್ರಿ." ಅವರ ಭಯ ಸುಳ್ಳಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬರಬಹುದು, ಗರ್ಭಿಣಿಗೆ ಆಗ ಮೊದಲ ಸಲ ಸೋಂಕಾದರೆ ಮಗುವಿಗೆ ಅಪಾಯ ಉಂಟು. ಇದರ ಹಿನ್ನೆಲೆ ಓದಲು ಕೂತೆ. 1908ರಲ್ಲಿ ಟ್ಯೂನಿಸ್ ನಗರದಲ್ಲಿ ನಿಕೋಲ್ ಮತ್ತು ಮಾನ್ಸೊ ಇದನ್ನು ಗುಂಡಿ ಎಂಬ ಮರುಭೂಮಿಯ ದಂಶಕದಲ್ಲಿ ಕಂಡರು, ಅದೇ ಹೊತ್ತಿಗೆ ಬ್ರೆಜಿಲ್‌ನಲ್ಲಿ ಸ್ಪ್ಲೆಂಡೊರೆ ಮೊಲದಲ್ಲಿ ಕಂಡ. ಆದರೆ ಅದು ಹೇಗೆ ಹರಡುತ್ತೆ ಅನ್ನೋದು ಅರವತ್ತು ವರ್ಷ ಬಗೆಹರಿಯಲಿಲ್ಲ. ಹಸಿಬಿಸಿ ಮಾಂಸದಿಂದ ಅಂದರೆ ಸರಿ, ಮಾಂಸ ಮುಟ್ಟದವರಿಗೂ ಬರುತ್ತಲ್ಲ? 1965ರಲ್ಲಿ ಗ್ಲಾಸ್ಗೊದ ಹಚಿಸನ್ ಬೆಕ್ಕಿನ ಮಲದಿಂದ ಹರಡುತ್ತೆ ಎಂದು ತೋರಿಸಿದ, ಆದರೆ ಬೆಕ್ಕಿನ ಜಂತುಹುಳದ ಮೊಟ್ಟೆಯೊಳಗೆ ಕೂತು ಬರುತ್ತೆ ಅಂದುಕೊಂಡ. 1970ರಲ್ಲಿ ನಿಜವಾದ ಉತ್ತರ ಸಿಕ್ಕಿತು. ಬೆಕ್ಕಿನ ಕರುಳಿನಲ್ಲಿ ಈ ಜೀವಿ ತನ್ನದೇ ಗಟ್ಟಿ ಚಿಪ್ಪಿನ ಊಸಿಸ್ಟ್ ಮಾಡುತ್ತೆ, ಅದೇ ಹೊರಗೆ ಬರೋದು. ಅದನ್ನು ತೋರಿಸಿದವರಲ್ಲಿ ಒಬ್ಬರು ಜಿತೇಂದ್ರ ದುಬೆ, ಭಾರತದಲ್ಲಿ ಪಶುವೈದ್ಯ ಓದಿ ಅಮೆರಿಕದಲ್ಲಿ ಫ್ರೆಂಕೆಲ್ ಅವರ ಪ್ರಯೋಗಾಲಯ ಸೇರಿದ್ದವರು.

ಈ ಊಸಿಸ್ಟ್ ಹೊರಗೆ ಬಂದ ತಕ್ಷಣ ಸೋಂಕು ಅಂಟಿಸಲ್ಲ. ಗಾಳಿ, ತೇವ ಸಿಕ್ಕಿ ಬಲಿಯಲು ಒಂದರಿಂದ ಐದು ದಿನ ಬೇಕು. ಅಂದರೆ ಪ್ರತಿದಿನ ಟ್ರೇ ತೆಗೆದರೆ ಅದು ಅಪಾಯಕಾರಿ ಆಗೋ ಮೊದಲೇ ಮನೆ ಬಿಟ್ಟು ಹೋಗಿರುತ್ತೆ. ಜೊತೆಗೆ ಒಂದು ಬೆಕ್ಕು ಸಾಮಾನ್ಯವಾಗಿ ಮೊದಲ ಸೋಂಕಾದಾಗ ಒಂದೆರಡು ವಾರ ಮಾತ್ರ ಇದನ್ನು ಹೊರಹಾಕುತ್ತೆ. ಬೇಟೆಗೆ ಹೋಗದ, ಹಸಿಮಾಂಸ ತಿನ್ನದ ಮನೆಬೆಕ್ಕಿಗೆ ಸೋಂಕು ತಗಲುವ ಸಾಧ್ಯತೆ ಕಡಿಮೆ. ಸರಿಯಾಗಿ ತೊಳೆಯದ ಸೊಪ್ಪು, ಸರಿಯಾಗಿ ಬೇಯದ ಮಾಂಸದ ಮೇಲೂ ಅಷ್ಟೇ ಕಣ್ಣಿಡಬೇಕು. ನಮ್ಮ ಡಾಕ್ಟರೂ ಇದನ್ನೇ ಹೇಳಿದರು, ಒಂದು ರಕ್ತಪರೀಕ್ಷೆ ಮಾಡಿಸಿದರು, ಟ್ರೇ ಕೆಲಸದಿಂದ ಅವಳು ದೂರ ಇರಲಿ ಅಂದರು. ನೀವು ಈ ಸ್ಥಿತಿಯಲ್ಲಿದ್ದರೆ ನನ್ನ ವಿಡಿಯೊ ನಂಬಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ಬೆಕ್ಕುಗಳು ಮನೆಯಲ್ಲೇ ಉಳಿದವು. ಟ್ರೇ ಈಗ ಪೂರ್ತಿ ನನ್ನ ಕೆಲಸ, ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್‌ಗೆ ಮೊದಲು ಒಮ್ಮೆ, ಊಟ ಆದಮೇಲೆ ಒಮ್ಮೆ.

ಹಲವು ಬೆಕ್ಕಿನ ಮನೆಗೆ ತಜ್ಞರು ಹೇಳುವ ಲೆಕ್ಕ ಬೆಕ್ಕಿನ ಸಂಖ್ಯೆಗಿಂತ ಒಂದು ಟ್ರೇ ಜಾಸ್ತಿ. ಒಂದು ಸರ್ವರ್ ಬಿದ್ದರೂ ಸೇವೆ ನಿಲ್ಲಬಾರದು ಅಂತ ನಾವು ಆಫೀಸಲ್ಲಿ ಮಾಡೋದೂ ಇದನ್ನೇ. ಆದರೆ ನಾಲ್ಕು ಟ್ರೇ ಒಂದೇ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಜಾಗ. ಒಂಟಿ ಬೇಟೆಗಾರನ ವಂಶ ಅದು. ಕಾಳಿ ಬಾಗಿಲಲ್ಲಿ ಮಲಗಿದರೆ ಸುಬ್ಬಿಗೆ ನಾಲ್ಕೂ ಬಂದ್. ಆಮೇಲೆ ಸೋಫಾ ಹಿಂದೆ ಒದ್ದೆ. ಬೇರೆಬೇರೆ ಕೋಣೆಯಲ್ಲಿ ಇಡಬೇಕು, ದೊಡ್ಡದಿರಬೇಕು, ಮಣ್ಣು ನುಣ್ಣಗಿರಬೇಕು. ಸುಗಂಧದ ಲಿಟರ್ ನಮ್ಮ ಮೂಗಿಗೆ ಮಾಡಿದ್ದು.

ವಾಸನೆಯಲ್ಲಿ ಎರಡು ಪದರ. ಒಂದು ಅಮೋನಿಯಾ, ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಆಗುವಂಥದ್ದು. ಇನ್ನೊಂದು ಬೆಕ್ಕಿನದೇ ವಿಶೇಷ, ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೊ ಆಮ್ಲದಿಂದ ಹುಟ್ಟುವ ನಾತ. ಇದು ತಯಾರಾಗಲು ಸಹಾಯ ಮಾಡುವ ಕಾಕ್ಸಿನ್ ಎಂಬ ಪ್ರೋಟೀನಿನ ಪಾತ್ರವನ್ನು 2006ರಲ್ಲಿ ಜಪಾನಿನ ಸಂಶೋಧಕರು ವಿವರಿಸಿದರು. ಸಂತಾನಹರಣ ಮಾಡಿಸದ ಗಂಡುಬೆಕ್ಕಿನಲ್ಲಿ ಇದು ಬಹಳ ಜಾಸ್ತಿ, ಮಾಡಿಸಿದ ಮೇಲೆ ಇಳಿಯುತ್ತೆ. ನೆಲಕ್ಕೆ ಬಿದ್ದ ಮೂತ್ರಕ್ಕೆ ಬ್ಲೀಚ್ ಹಾಕಲೇಬೇಡಿ. ಅಮೋನಿಯಾ ಜೊತೆ ಸೇರಿ ವಿಷಗಾಳಿ ಬರುತ್ತೆ. ಕಿಣ್ವ ಇರುವ ಕ್ಲೀನರ್ ಸಿಗುತ್ತೆ, ಅದು ಸಾಕು.

ಇನ್ನು ಎತ್ತಿದ ಉಂಡೆ ಎಲ್ಲಿಗೆ ಹೋಗುತ್ತೆ? ಕಮೋಡಿಗೆ ಅಲ್ಲ. ಉಬ್ಬುವ ಮಣ್ಣು ಪೈಪಿನಲ್ಲೂ ಉಬ್ಬುತ್ತೆ. ಇನ್ನೊಂದು ಕಾರಣವೂ ಇದೆ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸಮುದ್ರದ ನೀರುನಾಯಿಗಳು ಟಾಕ್ಸೊಪ್ಲಾಸ್ಮಾದಿಂದ ಸಾಯುತ್ತಿದ್ದದ್ದು ಗೊತ್ತಾಗಿ, 2006ರಲ್ಲಿ ಅಲ್ಲಿನ ಶಾಸಕಾಂಗ ಲಿಟರ್ ಚೀಲಗಳ ಮೇಲೆ ಕಮೋಡಿಗೆ ಹಾಕಬೇಡಿ ಅಂತ ಎಚ್ಚರಿಕೆ ಮುದ್ರಿಸುವ ಕಾನೂನು ಮಾಡಿತು.

ಅಂದರೆ ಕಸದ ಬುಟ್ಟಿಗೆ. ಇಲ್ಲಿ ಮೌಲ್ ಕಥೆ ಮತ್ತೆ ಬರುತ್ತೆ. ನನಗೆ ಗೊತ್ತಿರುವ ಬೆಕ್ಕಿನ ಮನೆಗಳಲ್ಲಿ ಹೆಚ್ಚಿನ ಕಡೆ ಟ್ರೇ ತೆಗೆಯೋದು ಮನೆಕೆಲಸಕ್ಕೆ ಬರುವ ಹೆಂಗಸು. ಪಾತ್ರೆ, ನೆಲ ಅಂತ ಮಾತಾಡಿ ಸೇರಿಸಿಕೊಂಡು, ಆಮೇಲೆ ಸಂಬಳ ಏರಿಸದೆ ಅದನ್ನೂ ಸೇರಿಸಿರುತ್ತಾರೆ. ಅವರಲ್ಲೂ ಗರ್ಭಿಣಿಯರು ಇರುತ್ತಾರೆ, ಅದನ್ನು ಯಾರೂ ಕೇಳಲ್ಲ. ನಮ್ಮ ಮನೆಗೆ ಬರುವ ತಾಯಿ ಮೊದಲ ದಿನವೇ ಮರಾಠಿಯಲ್ಲಿ ಖಡಾಖಂಡಿತ ಹೇಳಿದ್ದರು, ಬೆಕ್ಕಿನ ಪೆಟ್ಟಿಗೆ ಮುಟ್ಟಲ್ಲ ಅಂತ. ಕಾರಣ ಕೇಳಬೇಕಾದ ಅಗತ್ಯ ಬರಲಿಲ್ಲ.

ಪುಣೆಯಲ್ಲಿ ಮನೆಮನೆಯ ಕಸ ಒಯ್ಯುವವರಲ್ಲಿ ಬಹಳಷ್ಟು ಜನ ಸ್ವಚ್ಛ್ ಎಂಬ ಸಹಕಾರ ಸಂಘದ ಸದಸ್ಯರು. 1993ರಲ್ಲಿ ಕಟ್ಟಿದ ಕಸ ಆಯುವವರ ಸಂಘಟನೆಯಿಂದ ಬೆಳೆದ ಸಂಸ್ಥೆ ಅದು. ಹೆಂಗಸರೇ ಹೆಚ್ಚು. ನಾವು ಬುಟ್ಟಿಗೆ ಹಾಕಿದ್ದನ್ನು ಅವರು ಕೈಯಿಂದ ಬೇರ್ಪಡಿಸುತ್ತಾರೆ. ಸ್ಯಾನಿಟರಿ ಪ್ಯಾಡು, ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಡಿ, ಬಿಚ್ಚದೆ ಪಕ್ಕಕ್ಕಿಡಬಹುದು ಅಂತ ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಲಿಟರಿಗೂ ಅದೇ ಕ್ರಮ ಹೊಂದುತ್ತೆ. ಹಸಿಕಸದ ಬಕೆಟ್ಟಿಗೆ ಸಡಿಲವಾಗಿ ಸುರಿದರೆ ಕಾಯಿಪಲ್ಯದ ಸಿಪ್ಪೆ ಜೊತೆ ಅದೂ ಅವರ ಕೈಗೆ.

ನಮ್ಮ ಮೂರು ಬೆಕ್ಕಿಗೆ ತಿಂಗಳಿಗೆ ಸುಮಾರು 20 ಕಿಲೊ ಮಣ್ಣು ಬೇಕು. ದಿನಕ್ಕೆ ಒಂದು ಪೊಟ್ಟಣ ಆಗುತ್ತೆ, ಹಳೆಯ ಮರಾಠಿ ಪೇಪರಿನ ಎರಡು ಹಾಳೆ, ಸುತ್ತಲೂ ದಾರ. ಅಪಾರ್ಟ್‌ಮೆಂಟಿನ ಕಸದ ಗಾಡಿ ಎಂಟಕ್ಕೆ ಬರುತ್ತೆ. ಕೆಂಪು ಮಾರ್ಕರ್ ಶೂ ರ್‍ಯಾಕಿನ ಮೇಲೆ ಇಟ್ಟಿದ್ದೇನೆ. ಆಫೀಸಿನ ವೈಟ್‌ಬೋರ್ಡಿನದು, ಆದರೂ ಕಾಗದದ ಮೇಲೆ ಚೆನ್ನಾಗಿ ಹಿಡಿಯುತ್ತೆ.